ಬಿಸಿಲಿನಲ್ಲಿ ನಡೆಯುವವರು ಯಾರು?

ಅದೊಂದು ಪ್ರಯಾಣದ ಸಂದರ್ಭ. ಬಿಸಿಲು ನೆತ್ತಿಯ ಮೇಲಿತ್ತು. ಝುಹ್ರ್‌ನ ವೇಳೆಯಾಯಿತೆಂದು ಮುಅದ್ದಿನ್ ಅಝಾನ್ ಕೊಡಲು ಮುಂದಾದರು. ಸ್ವಲ್ಪ ತಂಪಾಗಲಿ ಎಂದು ಪ್ರವಾದಿವರ್ಯರು(ಸ) ಅವರನ್ನು ತಡೆದರು. ಸ್ವಲ್ಪ ಹೊತ್ತಿನ ಬಳಿಕ ಅವರು ಮತ್ತೆ ಮುಂದಾದಾಗ ಪ್ರವಾದಿವರ್ಯರು(ಸ) ಮತ್ತೆ ತಡೆದರು. ದಿಬ್ಬಗಳ ನೆರಳು ಕಣ್ಣಿಗೆ ಕಾಣುವಷ್ಟು ಚಾಚಿದ ಮೇಲೆಯೇ ನಮಾಝ್ ನಡೆಯಿತು. ಹ. ಅಬೂದರ್ರ್(ರ) ವರದಿ ಮಾಡಿರುವ ಈ ಘಟನೆ ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿದೆ. ಬಿಸಿಲಿನ ತೀವ್ರತೆಯು ನರಕದ ಉಸಿರಿನಿಂದ ಉಂಟಾಗುತ್ತದೆಂಬ ಮಾತೂ ಅದೇ ಹದೀಸಿನಲ್ಲಿದೆ. ನಮ್ಮ ಪ್ರವಚನಗಳಲ್ಲಿ ಹೆಚ್ಚಾಗಿ ಕೇಳಿ ಬರುವುದು ಆ ಕೊನೆಯ ಮಾತು ಮಾತ್ರ. ಅದರೊಂದಿಗೆ ನೀಡಲಾದ ಆದೇಶದ ಕಡೆಗೆ, ಅಂದರೆ ಬಿಸಿಲು ಕಡುವಾಗಿದ್ದರೆ ನಮಾಝನ್ನು ತಂಪು ಹೊತ್ತಿಗೆ ಮುಂದೂಡಬೇಕೆಂಬುದರ ಕಡೆಗೆ, ನಮ್ಮ ಗಮನ ಕಡಿಮೆ.

ಕರ್ಮಶಾಸ್ತ್ರ ವಿದ್ವಾಂಸರು ಈ ಹದೀಸಿನ ಕುರಿತು ನಡೆಸಿದ ಚರ್ಚೆ ಇನ್ನೂ ಸ್ವಾರಸ್ಯಕರವಾಗಿದೆ. ಇಮಾಮ್ ಶಾಫಿಈಯವರ(ರಹ) ಅಭಿಪ್ರಾಯದಂತೆ ಈ ರಿಯಾಯಿತಿ ಇರುವುದು ದೂರದಿಂದ ಮಸೀದಿಗೆ ನಡೆದು ಬರುವವರಿಗಾಗಿ. ಒಂಟಿಯಾಗಿ ನಮಾಝ್ ಮಾಡುವವನು ಅಥವಾ ಮನೆಯ ಪಕ್ಕದ ಮಸೀದಿಯಲ್ಲಿ ಮಾಡುವವನು ತಡ ಮಾಡಬೇಕಾಗಿಲ್ಲ. ಇಮಾಮ್ ತಿರ್ಮಿದಿ(ರಹ) ಇದನ್ನು ಒಪ್ಪಲಿಲ್ಲ. ಆ ಪ್ರಯಾಣದಲ್ಲಿ ಎಲ್ಲರೂ ಒಂದೇ ಕಡೆ ಇದ್ದರು, ದೂರದಿಂದ ಬರಬೇಕಾದವರು ಯಾರೂ ಇರಲಿಲ್ಲ, ಆದರೂ ತಡ ಮಾಡಲಾಯಿತಲ್ಲ ಎಂಬುದು ಅವರ ವಾದ. ಇವರಲ್ಲಿ ಯಾರ ವಾದ ಬಲವಾದುದು ಎಂಬುದು ಈ ಲೇಖನದ ವಿಷಯವಲ್ಲ. ಇಬ್ಬರೂ ಎದುರಿಸಿದ ಪ್ರಶ್ನೆಯನ್ನು ಗಮನಿಸಬೇಕು. ಬಿಸಿಲು ಎಷ್ಟಿದೆ ಎಂದು ಮಾತ್ರ ಅವರು ಕೇಳಲಿಲ್ಲ. ಆ ಬಿಸಿಲಿನಲ್ಲಿ ಯಾರು, ಎಷ್ಟು ದೂರ ನಡೆಯಬೇಕಾಗಿದೆ ಎಂದೂ ಕೇಳಿದರು. ಇಂದು ಸಮಾಜಶಾಸ್ತ್ರಜ್ಞರು ಹವಾಮಾನದ ಬಗ್ಗೆ ಕೇಳುವ ಮುಖ್ಯ ಪ್ರಶ್ನೆಯೂ ಇದೇ. ಸರ್ಕಾರಗಳ ಯೋಜನೆಗಳು ಸಾಮಾನ್ಯವಾಗಿ ಮರೆಯುವ ಪ್ರಶ್ನೆಯೂ ಇದೇ.

ಶಿಕಾಗೋದ ಎರಡು ಬಡಾವಣೆಗಳು

1995ರ ಜುಲೈ ಮಧ್ಯಭಾಗದಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ತಾಪಮಾನವು 41 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ರಾಯಚೂರು, ಕಲಬುರ್ಗಿಯವರಿಗೆ ಇದೇನು ದೊಡ್ಡದಲ್ಲ ಎನಿಸಬಹುದು. ಆದರೆ ಗಾಳಿಯಲ್ಲಿ ತೇವ ವಿಪರೀತವಾಗಿತ್ತು, ರಾತ್ರಿಯೂ ತಂಪಾಗಲಿಲ್ಲ. ಒಂದು ವಾರದಲ್ಲಿ ಸಾಮಾನ್ಯಕ್ಕಿಂತ 739 ಮಂದಿ ಹೆಚ್ಚು ಸತ್ತರು. ಶವಾಗಾರದಲ್ಲಿ ಜಾಗ ಸಾಲದೆ ಶೈತ್ಯೀಕರಣದ ಲಾರಿಗಳನ್ನು ತರಿಸಿ ಶವಗಳನ್ನು ಇಡಲಾಯಿತು. ಎಷ್ಟೋ ಶವಗಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಅಂತಹವುಗಳನ್ನು ಕೊನೆಗೆ ಒಂದೇ ಕಂದಕದಲ್ಲಿ ಹೂಳಲಾಯಿತು. ಜಗತ್ತಿನ ಅತ್ಯಂತ ಶ್ರೀಮಂತ ರಾಷ್ಟ್ರದ ಮೂರನೆಯ ದೊಡ್ಡ ನಗರದಲ್ಲಿ ಇದು ನಡೆಯಿತು. ನಗರದ ಮೇಯರ್ ಮೊದಲು ಸಾವಿನ ಲೆಕ್ಕವನ್ನೇ ಶಂಕಿಸಿದರು. ತಮ್ಮ ಕಾಳಜಿ ತಾವು ಮಾಡಿಕೊಳ್ಳದವರು ಸತ್ತರು ಎಂದು ಒಬ್ಬ ಅಧಿಕಾರಿ ಹೇಳಿದರು.

ಎರಿಕ್ ಕ್ಲಿನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞರು ಈ ಸಾವುಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿ 2002ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ವೈದ್ಯರು ಶವದ ಮರಣೋತ್ತರ ಪರೀಕ್ಷೆ ನಡೆಸುವಂತೆ ತಾನು ನಗರದ ಮರಣೋತ್ತರ ಪರೀಕ್ಷೆ ನಡೆಸುತ್ತಿದ್ದೇನೆಂಬುದು ಅವರ ನಿಲುವು. ನಾರ್ತ್ ಲಾನ್‌ಡೇಲ್ ಮತ್ತು ಸೌತ್ ಲಾನ್‌ಡೇಲ್ ಎಂಬ ಎರಡು ಅಕ್ಕಪಕ್ಕದ ಬಡಾವಣೆಗಳನ್ನು ಅವರು ಹೋಲಿಸಿ ನೋಡಿದರು. ಎರಡೂ ಕಡೆ ಬಡವರಿದ್ದರು. ಎರಡೂ ಕಡೆ ಒಂಟಿಯಾಗಿ ಬದುಕುವ ವೃದ್ಧರಿದ್ದರು. ಆಕಾಶವಂತೂ ಒಂದೇ. ಆದರೂ ಮೊದಲನೆಯದರಲ್ಲಿ ಲಕ್ಷಕ್ಕೆ 40ರಂತೆ ಸಾವು ಸಂಭವಿಸಿದರೆ ಎರಡನೆಯದರಲ್ಲಿ ಲಕ್ಷಕ್ಕೆ 4 ಮಾತ್ರ.

ಕಾರಣವೇನು? ಕಪ್ಪು ಜನರು ವಾಸಿಸುವ ನಾರ್ತ್ ಲಾನ್‌ಡೇಲ್‌ನಲ್ಲಿ ಕಾರ್ಖಾನೆಗಳು ಮುಚ್ಚಿದ್ದವು, ಅಂಗಡಿಗಳು ಹೋಗಿದ್ದವು, ಖಾಲಿ ನಿವೇಶನಗಳಲ್ಲಿ ಕಳೆ ಬೆಳೆದಿತ್ತು. ಕಳ್ಳಕಾಕರ ಭಯದಿಂದ ಮುದುಕರು ಕಿಟಕಿಗಳನ್ನು ಸಹ ತೆರೆಯದೆ ಒಳಗೇ ಉಳಿದರು. ಮೆಕ್ಸಿಕೋ ಮೂಲದವರು ತುಂಬಿದ್ದ ಸೌತ್ ಲಾನ್‌ಡೇಲ್‌ನ ಬೀದಿಗಳಲ್ಲಾದರೋ ಅಂಗಡಿ, ಚರ್ಚು, ಮಕ್ಕಳು, ಗದ್ದಲ ಎಲ್ಲವೂ ಇತ್ತು. ವೃದ್ಧರು ಹೊರಗೆ ಬಂದರು, ತಂಪಾದ ಅಂಗಡಿಗಳಲ್ಲಿ ಕುಳಿತರು. ಒಬ್ಬರು ಕಾಣದಿದ್ದರೆ ಇನ್ನೊಬ್ಬರು ವಿಚಾರಿಸಿದರು. ಇನ್ನೊಂದು ಅಂಶವೂ ಬೆಳಕಿಗೆ ಬಂತು. ಒಂಟಿಯಾಗಿ ಬದುಕುವ ವೃದ್ಧರಲ್ಲಿ ಸ್ತ್ರೀಯರೇ ಹೆಚ್ಚಿದ್ದರೂ ಸತ್ತವರಲ್ಲಿ ಪುರುಷರ ಪ್ರಮಾಣ ಹೆಚ್ಚು. ಅಜ್ಜಿಯರು ಮಕ್ಕಳೊಂದಿಗೆ, ನೆರೆಯವರೊಂದಿಗೆ ಸಂಬಂಧವನ್ನು ಉಳಿಸಿಕೊಂಡಿದ್ದರು. ಅಜ್ಜಂದಿರು ಅದನ್ನು ಉಳಿಸಿಕೊಂಡಿರಲಿಲ್ಲ.

ಈ ತೀರ್ಮಾನಗಳನ್ನು ಎಲ್ಲರೂ ಒಪ್ಪಿದರೆಂದಲ್ಲ. ಬಡಾವಣೆಯ ಲೆಕ್ಕವನ್ನು ನೋಡಿದರೆ ಸಾಲದು, ಸತ್ತ ಪ್ರತಿಯೊಬ್ಬರ ಮನೆ ಬಾಗಿಲಿಗೆ ಹೋಗಿ ಅವರು ಹೇಗೆ ಬದುಕಿದ್ದರೆಂದು ವಿಚಾರಿಸಬೇಕು ಎಂದು ಮಿಚೆಲ್ ಡ್ಯೂನಿಯರ್ ಎಂಬ ಇನ್ನೊಬ್ಬ ಸಮಾಜಶಾಸ್ತ್ರಜ್ಞರು ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದುದೇ. ಆದರೆ ಬಾಗಿಲು ತಟ್ಟಿದ್ದರೆ ಎಷ್ಟೋ ಮಂದಿ ಬದುಕುತ್ತಿದ್ದರೆಂಬುದನ್ನು ನಗರಾಡಳಿತವೇ ಒಪ್ಪಿಕೊಂಡಂತಾಯಿತು. 1999ರಲ್ಲಿ ಮತ್ತೆ ಅಂತಹದೇ ಬಿಸಿಗಾಳಿ ಬಂದಾಗ ಒಂಟಿ ವೃದ್ಧರ ಮನೆಗಳಿಗೆ ಜನರನ್ನು ಕಳುಹಿಸಲಾಯಿತು, ತಂಪಾದ ಕಟ್ಟಡಗಳಿಗೆ ಉಚಿತ ಬಸ್ಸು ಬಿಡಲಾಯಿತು. ಆಗಲೂ ಸಾವುಗಳಾದವು, ಆದರೆ 1995ಕ್ಕಿಂತ ಬಹಳ ಕಡಿಮೆ.

ನೆರೆಯವನ ಹಕ್ಕಿನ ಬಗ್ಗೆ ನಮ್ಮಲ್ಲಿ ಎಷ್ಟು ಹದೀಸ್‌ಗಳಿವೆಯೆಂದು ಇಲ್ಲಿ ಪಟ್ಟಿ ಮಾಡಬೇಕಾಗಿಲ್ಲ. ನೆರೆಯವನನ್ನು ವಾರಸುದಾರನನ್ನಾಗಿಯೇ ಮಾಡಿಬಿಡುವರೇನೋ ಎನಿಸುವಷ್ಟು ಜಿಬ್ರೀಲ್(ಅ) ಒತ್ತಿ ಹೇಳಿದರೆಂಬುದು ಮಕ್ಕಳಿಗೂ ಗೊತ್ತು. ಆದರೆ ಈ ಹಕ್ಕನ್ನು ನಾವು ಹಬ್ಬದ ಊಟವನ್ನು ಹಂಚುವುದಕ್ಕೆ ಸೀಮಿತಗೊಳಿಸಿಕೊಂಡಿದ್ದೇವೆ. ಅದು ಸಾವು ಬದುಕಿನ ವಿಷಯವೆಂದು ಶಿಕಾಗೋದ ಲೆಕ್ಕವೇ ಹೇಳುತ್ತದೆ.

ವಿಧಿಯೇ ಕಾರಣವೇ?

"ಆಯುಷ್ಯ ಮುಗಿದಿತ್ತು, ಹೋದರು" ಎನ್ನುವವರಿದ್ದಾರೆ. ಆಯುಷ್ಯವು ಅಲ್ಲಾಹನ ಕೈಯಲ್ಲಿದೆಯೆಂಬುದು ನಮ್ಮ ವಿಶ್ವಾಸ. ಆದರೆ ಈ ವಿಶ್ವಾಸವನ್ನು ಉದಾಸೀನತೆಗೆ ನೆಪವಾಗಿಸುವುದನ್ನು ಹ. ಉಮರ್(ರ) ಸಹಿಸಲಿಲ್ಲ. ಹಿಜರಿ 18ರ ಸುಮಾರಿಗೆ ಶಾಮ್‌ನತ್ತ ಹೊರಟಿದ್ದ ಅವರಿಗೆ ಸರ್ಗ್ ಎಂಬಲ್ಲಿ ಪ್ಲೇಗ್‌ನ ಸುದ್ದಿ ಸಿಕ್ಕಿತು. ಅವರು ಮೊದಲು ಮುಹಾಜಿರರನ್ನು, ಬಳಿಕ ಅನ್ಸಾರರನ್ನು ಕರೆದು ಕೇಳಿದರು. ಇಬ್ಬರಲ್ಲೂ ಒಮ್ಮತವಿರಲಿಲ್ಲ. ಕೊನೆಗೆ ಕುರೈಶರ ಹಿರಿಯರನ್ನು ಕೇಳಿ, ಹಿಂದಿರುಗಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಪಲಾಯನವೇ ಎಂದು ಹ. ಅಬೂ ಉಬೈದಾ(ರ) ಪ್ರಶ್ನಿಸಿದಾಗ, ಒಂದು ವಿಧಿಯಿಂದ ಇನ್ನೊಂದು ವಿಧಿಯ ಕಡೆಗೇ ಹೋಗುತ್ತಿದ್ದೇವೆಂದು ಉತ್ತರಿಸಿ, ಒಂದು ಬದಿ ಹಸಿರಾಗಿಯೂ ಇನ್ನೊಂದು ಬದಿ ಬರಡಾಗಿಯೂ ಇರುವ ಕಣಿವೆಯಲ್ಲಿ ಒಂಟೆ ಮೇಯಿಸುವವನ ಉದಾಹರಣೆ ಕೊಟ್ಟರು. ಎರಡು ಬದಿಯಲ್ಲಿ ಎಲ್ಲಿ ಮೇಯಿಸಿದರೂ ಅದು ವಿಧಿಯೇ. ಆದರೆ ಬುದ್ಧಿಯುಳ್ಳವನು ಹಸಿರಿನ ಕಡೆಗೇ ಹೋಗುತ್ತಾನೆ. ರೋಗವಿರುವ ಊರಿಗೆ ಹೋಗಬಾರದು, ಅಲ್ಲಿರುವವರು ಓಡಿ ಹೋಗಬಾರದೆಂಬ ಪ್ರವಾದಿ ವಚನವನ್ನು ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು ತಿಳಿಸಿದ್ದು ಆ ಬಳಿಕ.

ಮನೆಯ ಅರಿವು, ಪುಸ್ತಕದ ಅರಿವು

ಬಿಸಿಲಿನ ಬಗ್ಗೆ ತಿಳಿದವರು ಯಾರು? ಹವಾಮಾನ ಇಲಾಖೆಯೇ, ವೈದ್ಯರೇ, ಅಥವಾ ಗದ್ದೆಯಲ್ಲಿ ಬೆನ್ನು ಬಾಗಿಸಿ ನಿಂತವರೇ? ಸಮಾಜಶಾಸ್ತ್ರದ ಪಿತಾಮಹರೆಂದು ಹಲವರು ಗೌರವಿಸುವ ಇಬ್ನು ಖಲ್ದೂನ್ 1377ರಲ್ಲಿ ಬರೆದ ಮುಖದ್ದಿಮದಲ್ಲಿ ಈ ಪ್ರಶ್ನೆಯನ್ನು ಸ್ಪರ್ಶಿಸಿದ್ದಾರೆ. ಪ್ಲೇಗ್‌ನಿಂದ ತಂದೆತಾಯಿಗಳನ್ನು ಕಳಕೊಂಡವರು ಅವರು. ಜನ ಕಿಕ್ಕಿರಿದಲ್ಲಿ ಗಾಳಿ ಕೆಡುತ್ತದೆ, ಊರುಗಳ ನಡುವೆ ಖಾಲಿ ಬಯಲು ಇರಬೇಕು, ಆಗ ಗಾಳಿ ಆಡುತ್ತದೆ ಎಂಬುದನ್ನು ಅವರು ಆಗಲೇ ಗುರುತಿಸಿದ್ದರು. (ಹವೆಯಿಂದಲೇ ಜನಾಂಗಗಳ ಬುದ್ಧಿ, ಗುಣಗಳನ್ನು ನಿರ್ಣಯಿಸಲು ಅವರು ಹೊರಟದ್ದು ಬೇರೆ ಮಾತು, ಅದನ್ನು ನಾವು ಒಪ್ಪಬೇಕಾಗಿಲ್ಲ.) ವೈದ್ಯಶಾಸ್ತ್ರದ ಅಧ್ಯಾಯದಲ್ಲಿ ಅವರು ಮನೆಮದ್ದಿನ ಬಗ್ಗೆ ಬರೆಯುತ್ತಾರೆ. ಹಿರಿಯರಿಂದ, ಮುದುಕಿಯರಿಂದ ಬಂದ ಅನುಭವದ ವೈದ್ಯವೊಂದಿದೆ, ಅದರಲ್ಲಿ ಕೆಲವು ಸರಿಯಾಗಿರುತ್ತವೆ, ಆದರೆ ನಿಯಮಬದ್ಧವಾದ ಶಾಸ್ತ್ರ ಅದಲ್ಲ ಎಂಬುದು ಅವರ ಅಭಿಪ್ರಾಯ. ಪ್ರವಾದಿವರ್ಯರ(ಸ) ವೈದ್ಯಕೀಯ ಸಲಹೆಗಳನ್ನೂ ಅವರು ಅರಬರ ರೂಢಿಗೇ ಸೇರಿಸುತ್ತಾರೆ, ಖರ್ಜೂರದ ಪರಾಗ ಕಟ್ಟುವ ಪ್ರಸಿದ್ಧ ಘಟನೆಯನ್ನು ಆಧಾರವಾಗಿ ಕೊಡುತ್ತಾರೆ. ಇಬ್ನುಲ್ ಖಯ್ಯಿಮ್‌ರಂತಹ(ರಹ) ಮಹಾವಿದ್ವಾಂಸರು ಇದಕ್ಕೆ ಭಿನ್ನವಾಗಿ ಪ್ರವಾದಿ ವೈದ್ಯದ ಬಗ್ಗೆ ಗ್ರಂಥವನ್ನೇ ರಚಿಸಿದ್ದಾರೆ. ಆ ವಿವಾದವನ್ನು ಇತ್ಯರ್ಥಗೊಳಿಸುವ ಅರ್ಹತೆ ಈ ಲೇಖಕನಿಗಿಲ್ಲ. ಆದರೆ ಖರ್ಜೂರದ ಘಟನೆಯಿಂದ ಒಂದು ಮಾತು ನಿಸ್ಸಂದೇಹವಾಗಿ ಸಿಗುತ್ತದೆ. ತೋಟದ ವಿಷಯದಲ್ಲಿ ತೋಟದವರ ಅನುಭವಕ್ಕೆ ಪ್ರವಾದಿವರ್ಯರೇ(ಸ) ಸ್ಥಾನ ಕೊಟ್ಟರು.

ಈಗ ನಮ್ಮ ದೇಶದ ಒಂದು ಉದಾಹರಣೆಯನ್ನು ನೋಡೋಣ. 2010ರ ಮೇ ತಿಂಗಳಲ್ಲಿ ಅಹ್ಮದಾಬಾದ್‌ನಲ್ಲಿ ತಾಪಮಾನ 46.8 ಡಿಗ್ರಿಗೆ ಏರಿತು. ಆ ಒಂದು ತಿಂಗಳಲ್ಲಿ ಸಾಮಾನ್ಯಕ್ಕಿಂತ 1,344 ಸಾವುಗಳು ಹೆಚ್ಚಾಗಿದ್ದುವೆಂದು ಬಳಿಕ ಅಧ್ಯಯನದಿಂದ ತಿಳಿಯಿತು. ಬಳಿಕ ಎನ್ನುವುದನ್ನು ಗಮನಿಸಬೇಕು. ಸಾವಿನ ದಾಖಲೆಗಳಲ್ಲಿ ಹೃದಯಾಘಾತ ಎಂದಿರುತ್ತದೆ, ಮೂತ್ರಪಿಂಡ ವೈಫಲ್ಯ ಎಂದಿರುತ್ತದೆ, ಬಿಸಿಲು ಎಂದು ಬರೆಯುವವರು ವಿರಳ. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡು ಕಟ್ಟಡದ ಮೇಲಂತಸ್ತಿನಲ್ಲಿತ್ತು. ತಾರಸಿ ಕಾದು ಹಸುಗೂಸುಗಳು ಬಿಸಿಯಿಂದ ಕಾಯಿಲೆ ಬಿದ್ದವು. ವಾರ್ಡನ್ನು ಕೆಳಗಿನ ಅಂತಸ್ತಿಗೆ ಸ್ಥಳಾಂತರಿಸಿದ ಮೇಲೆ ಅಂತಹ ಪ್ರಕರಣಗಳು ಇಳಿದವು. ಬೇಸಿಗೆಯಲ್ಲಿ ಮಾಳಿಗೆಯಲ್ಲಿ ಮಗುವನ್ನು ಮಲಗಿಸಬಾರದೆಂದು ನಮ್ಮ ಅಜ್ಜಿಯರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಟ್ಟಡದ ನಕ್ಷೆ ಬರೆದವರಿಗೆ ಅದು ಹೊಳೆಯಲಿಲ್ಲ.

ಹಾಗೆಂದು ಮನೆಯ ಅರಿವೆಲ್ಲ ಸರಿಯೆಂದು ಭಾವಿಸಬಾರದು. ಸೆಕೆಯಲ್ಲೂ ಎಳೆಮಗುವಿಗೆ ಮೂರು ಪದರ ಬಟ್ಟೆ ಸುತ್ತುವ ಪದ್ಧತಿ ನಮ್ಮ ಮನೆಗಳಲ್ಲೇ ಇದೆ. ಬಿಸಿಲಿಗೆ ಪ್ರಜ್ಞೆ ತಪ್ಪಿದವನ ಬಾಯಿಗೆ ನೀರು ಹೊಯ್ಯುವವರಿದ್ದಾರೆ. ಅದು ಶ್ವಾಸನಾಳಕ್ಕಿಳಿದು ಪ್ರಾಣಕ್ಕೇ ಎರವಾಗಬಹುದು. ಅಂತಹವನನ್ನು ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಾ ತಡ ಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಇದು ಅಜ್ಜಿ ವೈದ್ಯರಿಂದ ಕಲಿಯಬೇಕಾದ ವಿಷಯ.

ವೈದ್ಯರು ಅಜ್ಜಿಯಿಂದ ಕಲಿಯಬೇಕಾದುದೂ ಇದೆ. "ಹೆಚ್ಚು ನೀರು ಕುಡಿಯಿರಿ" ಎಂಬುದು ಪ್ರತಿ ಬೇಸಿಗೆಯ ಸರ್ಕಾರಿ ಉಪದೇಶ. ಕಟ್ಟಡ ಕೆಲಸಕ್ಕೆ, ಗದ್ದೆ ಕೆಲಸಕ್ಕೆ ಹೋಗುವ ಹೆಂಗಸರನ್ನು ಕೇಳಿದರೆ ತಿಳಿಯುತ್ತದೆ, ಅವರು ಬೇಕೆಂದೇ ನೀರು ಕುಡಿಯುವುದಿಲ್ಲ. ಅಲ್ಲಿ ಮರೆಯಾದ ಶೌಚಾಲಯವಿರುವುದಿಲ್ಲ. ಅವರ ಮಾನವನ್ನೂ ಅವರ ಬಾಯಾರಿಕೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟವರು ನಾವು. ಅವರಿಗೆ ಅರಿವಿಲ್ಲವೆಂದು ಹೇಳುವುದು ಅನ್ಯಾಯ.

ಈ ಎರಡು ಅರಿವುಗಳು ಸೇರಿದರೆ ಏನಾಗುತ್ತದೆಂಬುದಕ್ಕೆ ಬಾಂಗ್ಲಾದೇಶವೇ ಸಾಕ್ಷಿ. ಭೇದಿಯಿಂದ ನೀರಿನಂಶ ಕಳಕೊಂಡ ಮಕ್ಕಳಿಗಾಗಿ ಢಾಕಾದ ಪ್ರಯೋಗಾಲಯದಲ್ಲಿ ಪರೀಕ್ಷೆಗೊಂಡ ಉಪ್ಪು ಸಕ್ಕರೆಯ ದ್ರಾವಣವನ್ನು ಬ್ರಾಕ್ ಸಂಸ್ಥೆಯ ಕಾರ್ಯಕರ್ತೆಯರು 1980ರಿಂದ ಹತ್ತು ವರ್ಷ ಮನೆಮನೆಗೆ ಹೋಗಿ ತಾಯಂದಿರಿಗೆ ಕಲಿಸಿದರು. ಅವರು ಗ್ರಾಮ್ ಲೆಕ್ಕ ಹೇಳಲಿಲ್ಲ. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ ಎಂದರು. ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಆ ಪಾಠ ತಲುಪಿತು.

ಗಡಿಯಾರ ಮತ್ತು ನೆರಳು

ಅಹ್ಮದಾಬಾದ್ ನಗರವು 2013ರಲ್ಲಿ ದಕ್ಷಿಣ ಏಷ್ಯಾದಲ್ಲೇ ಮೊದಲ ಬಾರಿಗೆ ಬಿಸಿಗಾಳಿಯನ್ನು ಎದುರಿಸುವ ಕ್ರಿಯಾ ಯೋಜನೆಯನ್ನು ರೂಪಿಸಿತು. ಮುನ್ನೆಚ್ಚರಿಕೆ, ಆಸ್ಪತ್ರೆಗಳ ಸಿದ್ಧತೆ, ಕುಡಿಯುವ ನೀರು ಎಲ್ಲವೂ ಅದರಲ್ಲಿವೆ. ಬಡವರ ಮನೆಗಳ ಮಾಡಿಗೆ ಬಿಳಿ ಸುಣ್ಣ ಬಳಿಯುವ ಕೆಲಸವೂ ಬಳಿಕ ಸೇರಿತು. ಸಾವುಗಳು ಗಣನೀಯವಾಗಿ ಇಳಿದುವೆಂದು ಅಧ್ಯಯನಗಳು ತಿಳಿಸಿವೆ. ಇತರ ನಗರಗಳೂ ರಾಜ್ಯಗಳೂ ಅದನ್ನು ಅನುಸರಿಸಿದವು. ಆದರೆ ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್ 2023ರಲ್ಲಿ ಇಂತಹ 37 ಯೋಜನೆಗಳನ್ನು ಪರಿಶೀಲಿಸಿದಾಗ, ಅಪಾಯಕ್ಕೆ ಹೆಚ್ಚು ತುತ್ತಾಗುವವರು ಯಾರು, ಎಲ್ಲಿದ್ದಾರೆ ಎಂಬುದನ್ನು ನಿಜವಾಗಿ ಲೆಕ್ಕ ಹಾಕಿದವು ಎರಡು ಮಾತ್ರ ಎಂದು ಕಂಡುಬಂತು. ಹೆಚ್ಚಿನವುಗಳಿಗೆ ಹಣವೂ ಇಲ್ಲ, ಕಾನೂನಿನ ಬಲವೂ ಇಲ್ಲ.

ನಮ್ಮ ಕಲಬುರ್ಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರ ವರೆಗೆ ನಡೆಸುವ ರೂಢಿಯಿದೆ. ಒಳ್ಳೆಯದೇ. ಆದರೆ ಫ್ಯಾನಿನಡಿ ಕುಳಿತವನಿಗೆ ಸಿಕ್ಕಿದ ರಿಯಾಯಿತಿ ತೊಗರಿ ಮೂಟೆ ಹೊರುವ ಹಮಾಲನಿಗೆ ಸಿಕ್ಕಿದೆಯೇ? ಕರಾವಳಿಯ ಸಾವಿರಾರು ಮನೆಗಳ ಒಲೆ ಉರಿಯುವುದು ಗಲ್ಫ್‌ನಲ್ಲಿ ದುಡಿಯುವ ಮಕ್ಕಳಿಂದ. ಸೌದಿ ಅರೇಬಿಯಾದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರ ವರೆಗೆ ಮಧ್ಯಾಹ್ನ 12ರಿಂದ 3ರ ವರೆಗೆ ಬಿಸಿಲಿನ ಕೆಲಸಕ್ಕೆ ನಿಷೇಧವಿದೆ. ಮೂರು ಗಂಟೆ ಹೊಡೆದ ಕೂಡಲೇ ಕಾದ ಕಬ್ಬಿಣ ತಣ್ಣಗಾಗುವುದಿಲ್ಲ ಎಂದು ಅಲ್ಲಿ ದುಡಿದವರಿಗೆ ಗೊತ್ತು. ಕತಾರ್ 2021ರಲ್ಲಿ ಗಡಿಯಾರದ ಜೊತೆಗೆ ಇನ್ನೊಂದು ನಿಯಮವನ್ನು ಸೇರಿಸಿತು. ಉಷ್ಣತೆ, ತೇವ, ಬಿಸಿಲು, ಗಾಳಿ ಇವೆಲ್ಲವನ್ನೂ ಸೇರಿಸಿ ಅಳೆಯುವ ಮಾಪನವು 32.1 ಡಿಗ್ರಿ ದಾಟಿದರೆ ದಿನದ ಯಾವ ಹೊತ್ತಿನಲ್ಲೂ ಕೆಲಸ ನಿಲ್ಲಿಸಬೇಕು. ಪ್ರವಾದಿವರ್ಯರು(ಸ) ಅಂದು ಕಾದದ್ದು ಗಂಟೆಯನ್ನಲ್ಲ, ದಿಬ್ಬದ ನೆರಳನ್ನು.

2024ರ ಹಜ್ಜ್‌ನ ನೋವನ್ನು ಇಲ್ಲಿ ಹೇಳದಿರಲಾಗದು. ಆ ಜೂನ್‌ನಲ್ಲಿ ಮಸ್ಜಿದುಲ್ ಹರಾಮ್‌ನಲ್ಲಿ 51.8 ಡಿಗ್ರಿ ತಾಪಮಾನ ದಾಖಲಾಯಿತು. 1,301 ಮಂದಿ ಮೃತರಾದರೆಂದು ಸೌದಿ ಸರ್ಕಾರ ಪ್ರಕಟಿಸಿತು. ಅವರಲ್ಲಿ ಶೇ. 83 ಮಂದಿ ಅನುಮತಿ ಪತ್ರವಿಲ್ಲದೆ ಬಂದವರು. ತಂಪಾದ ಡೇರೆ, ಬಸ್ಸು ಅವರಿಗೆ ಇರಲಿಲ್ಲ. ಬಿಸಿಲಿನಲ್ಲಿ ದೂರದೂರ ನಡೆದರು. ಅವರು ನಿಯಮ ಮುರಿದರೆಂಬುದು ನಿಜ, ಅದನ್ನು ಸಮರ್ಥಿಸಲಾಗದು. ಆದರೆ ಜೀವಮಾನದ ಉಳಿತಾಯವನ್ನು ಏಜೆಂಟರ ಕೈಗಿಟ್ಟು ಬಂದ ಬಡ ವೃದ್ಧರು ಅವರಲ್ಲಿ ಅನೇಕರಿದ್ದರು. ಅಧಿಕೃತ ಹಜ್ಜ್‌ನ ವೆಚ್ಚ ಅವರ ಕೈಗೆಟಕದಷ್ಟು ಏರಿತ್ತು. ಎಲ್ಲರೂ ಒಂದೇ ಬಗೆಯ ಇಹ್ರಾಮ್ ಧರಿಸಿರುವ, ಅರಸನೂ ಆಳೂ ಒಂದೇ ಎನ್ನುವ ಮೈದಾನದಲ್ಲಿಯೂ ನೆರಳು ಸಮನಾಗಿ ಹಂಚಿಕೆಯಾಗಿರಲಿಲ್ಲ.

ಹಡಗಿನ ಮೇಲಂತಸ್ತು

ಹ. ನುಅಮಾನ್ ಬಿನ್ ಬಶೀರ್(ರ) ವರದಿ ಮಾಡಿದ ಹಡಗಿನ ಉಪಮೆ ಬುಖಾರಿಯಲ್ಲಿದೆ. ಮೇಲಿನವರಿಗೆ ತೊಂದರೆಯಾಗದಿರಲೆಂದು ಕೆಳಗಿನವರು ನೀರಿಗಾಗಿ ತಳದಲ್ಲಿ ರಂಧ್ರ ಕೊರೆಯಲು ಹೊರಡುತ್ತಾರೆ. ತಡೆಯದಿದ್ದರೆ ಎಲ್ಲರೂ ಮುಳುಗುತ್ತಾರೆ. ಇಂದಿನ ಹಡಗಿನಲ್ಲಿ ಕೊರೆಯುತ್ತಿರುವವರು ಮೇಲಂತಸ್ತಿನವರು. ಇಂಗಾಲದ ಅನಿಲವನ್ನು ಅಮೆರಿಕದ ಒಬ್ಬ ಪ್ರಜೆ ವರ್ಷಕ್ಕೆ ಸುಮಾರು 14 ಟನ್ ಹೊರಬಿಟ್ಟರೆ ಭಾರತೀಯನ ಪಾಲು ಸುಮಾರು 2 ಟನ್. ಆದರೆ ನೀರು ಮೊದಲು ನುಗ್ಗುವುದು ಕೆಳಗೆ. ಪಾಶ್ಚಾತ್ಯರನ್ನು ದೂರಿ ಸುಮ್ಮನಾಗುವ ಹಾಗೂ ಇಲ್ಲ. ತಲಾ ಲೆಕ್ಕದಲ್ಲಿ ಜಗತ್ತಿನ ಮೊದಲ ಸಾಲಿನಲ್ಲಿ ಕತಾರ್, ಕುವೈತ್, ಸಂಯುಕ್ತ ಅರಬ್ ಎಮಿರೇಟ್ಸ್‌ಗಳೂ ಇವೆ. ಬಡ ರಾಷ್ಟ್ರಗಳ ಹಾನಿಗೆ ಪರಿಹಾರ ನಿಧಿಯೆಂಬ ತೀರ್ಮಾನವಾದದ್ದು 2022ರಲ್ಲಿ ಈಜಿಪ್ಟಿನ ಶರ್ಮುಶ್ಶೈಖ್‌ನಲ್ಲಿ, ಅದು ಜಾರಿಗೆ ಬಂದದ್ದು 2023ರಲ್ಲಿ ದುಬೈಯಲ್ಲಿ. ಮುಸ್ಲಿಮ್ ನೆಲದಲ್ಲಿ ಕೊಟ್ಟ ಮಾತಿಗೆ ಮುಸ್ಲಿಮ್ ರಾಷ್ಟ್ರಗಳು ಮೊದಲ ಸಾಕ್ಷಿಗಳು. ನೆಲದಲ್ಲೂ ಜಲದಲ್ಲೂ ತಲೆದೋರಿದ ಕ್ಷೋಭೆ ಮನುಷ್ಯನ ಕೈಗಳ ಗಳಿಕೆಯೆಂದು ಸೂರಃ ಅರ್ರೂಮ್ ಎಚ್ಚರಿಸುವಾಗ, ಯಾರ ಕೈ ಎಷ್ಟು ಗಳಿಸಿತೆಂಬ ವಿಚಾರಣೆಯೂ ಅದರಲ್ಲಿ ಅಡಗಿದೆ.

ಇನ್ನು ನಮ್ಮ ಮೊಹಲ್ಲಾದ ಸಣ್ಣ ಹಡಗಿನ ಮಾತು. ನೆರೆಮನೆಗೆ ಗಾಳಿ ತಡೆಯುವಂತೆ ಗೋಡೆ ಎತ್ತರಿಸಬಾರದೆಂಬ ಒಂದು ವರದಿಯಿದೆ. ಅದರ ಪರಂಪರೆ ದುರ್ಬಲವೆಂದು ವಿದ್ವಾಂಸರು ಹೇಳಿದ್ದಾರೆ. ಅರ್ಥವಂತೂ ನೆರೆಯವನ ಹಕ್ಕಿನ ಬಗೆಗಿನ ಪ್ರಬಲ ಹದೀಸ್‌ಗಳಿಗೆ ಹೊಂದುತ್ತದೆ. ಇಂದು ಮಸೀದಿಗಳೂ ಹವಾನಿಯಂತ್ರಿತವಾಗುತ್ತಿವೆ. ಒಳಗೆ ತಂಪು ಹರಡುವ ಯಂತ್ರವು ಒಳಗಿನ ಬಿಸಿಯನ್ನು ಹೊರಗೆ ಉಗುಳುತ್ತದೆ. ಆ ಬಿಸಿಗಾಳಿ ಯಾರ ಕಿಟಕಿಗೆ ಮುಖ ಮಾಡಿದೆ ಎಂದು ನೋಡಿದ ಆಡಳಿತ ಸಮಿತಿಗಳು ಎಷ್ಟಿವೆ? ಹೊರಗೋಡೆಯ ಬಳಿ ದಾರಿಹೋಕರಿಗೆ ಒಂದು ಹೂಜಿ ನೀರು ಇದೆಯೇ? ತೀರಿಹೋದ ತಾಯಿಗಾಗಿ ಯಾವ ದಾನ ಉತ್ತಮವೆಂದು ಹ. ಸಅದ್ ಬಿನ್ ಉಬಾದಾ(ರ) ಕೇಳಿದಾಗ ನೀರೆಂಬ ಉತ್ತರ ಸಿಕ್ಕಿತು, ಅವರು ಬಾವಿ ತೋಡಿಸಿದರು.

ಜಮಾಅತಿನ ಚಂದಾ ಪುಸ್ತಕದಲ್ಲಿ ಪ್ರತಿ ಮನೆಯ ಹೆಸರಿದೆ, ಯಾರು ಎಷ್ಟು ತಿಂಗಳ ಬಾಕಿ ಇಟ್ಟಿದ್ದಾರೆಂಬ ಲೆಕ್ಕವೂ ಇದೆ. ಮಕ್ಕಳು ದುಬೈಯಲ್ಲಿದ್ದು ತಂದೆ ಒಬ್ಬರೇ ಇರುವ ಮನೆ ಯಾವುದು, ತಗಡಿನ ಮಾಡಿನಡಿ ಬಾಣಂತಿ ಇರುವ ಮನೆ ಯಾವುದು, ಮಧ್ಯಾಹ್ನ ಹೊರಗೆ ದುಡಿಯುವವರು ಯಾರು ಎಂಬುದಕ್ಕೆ ಅದರಲ್ಲಿ ಕಾಲಮ್ಮು ಇಲ್ಲ. ಏಪ್ರಿಲ್‌ಗೆ ಮೊದಲು ಒಂದು ಶುಕ್ರವಾರ ಜುಮುಆದ ಬಳಿಕ ನಾಲ್ಕು ಯುವಕರು ಕುಳಿತರೆ ಆ ಕಾಲಮ್ಮು ತುಂಬುತ್ತದೆ. ಮುಸ್ಲಿಮೇತರ ನೆರೆಯವರ ಮನೆಗಳ ಹೆಸರನ್ನೂ ಅವರು ಅದರಲ್ಲಿ ಬರೆದುಕೊಳ್ಳಬೇಕು.